ಎರವಲು ಹೆಣ

ನಮ್ಮ ಊರಿನಲ್ಲಿ ಗಾಳಿ ತಂದು ಹಾಕಿದ್ದನ್ನು ವಾಪಸು ಕೇಳುವ ಪದ್ಧತಿ ಇಲ್ಲ. ಯಾರ ಅಂಗಳದಲ್ಲಿ ಬಿತ್ತೋ ಅವರದು, ಅಷ್ಟೆ. ಕಡಲ ಕಡೆಯಿಂದ ದೊಡ್ಡ ಗಾಳಿ ಎದ್ದಾಗ ಗೋಡೆಗಳು ಕುಸಿಯುತ್ತವೆ, ಮಾಡು ಹಾರುತ್ತದೆ, ತೆಂಗಿನ ಮರಗಳು ಬುಡ ಮೇಲಾಗುತ್ತವೆ. ಆದರೆ ತಾನು ಎತ್ತಿಕೊಂಡದ್ದನ್ನು ಮಾತ್ರ ಗಾಳಿ ಮಗುವನ್ನು ಮಲಗಿಸಿದ ಹಾಗೆ ಮೆಲ್ಲಗೆ ಇಳಿಸಿ ಹೋಗುತ್ತದೆ. ನನ್ನ ಅಂಗಡಿಯ ರುಬ್ಬುವ ಕಲ್ಲು ಹಾಗೆ ಬಂದದ್ದು. ಪಕ್ಕದ ಮನೆ ಗುಲಾಬಿಯ ನಿಲುವುಗನ್ನಡಿ ಒಂದು ವರ್ಷ ನನ್ನ ಹಿತ್ತಲಿಗೆ ಬಂದು, ಗೀರೂ ಬೀಳದೆ ನುಗ್ಗೆಮರಕ್ಕೆ ಒರಗಿ ನಿಂತಿತ್ತು. ಅವಳು ಕೇಳಲಿಲ್ಲ, ನಾನು ಕೊಡಲಿಲ್ಲ. ಹಬ್ಬದ ದಿನ ಅವಳು ಹೊಸ ಸೀರೆ ಉಟ್ಟು ನನ್ನ ಮನೆಗೆ ಬಂದು, ಕನ್ನಡಿಯ ಮುಂದೆ ನಿಂತು ನೆರಿಗೆ ಸರಿಮಾಡಿಕೊಂಡು, "ಚಂದ ಇಟ್ಕೊಂಡಿದ್ದಿ ಸುಗಂಧಿ, ಮೊದಲಿಗಿಂತ ಬಣ್ಣ ಬಂದಿದೆ ಇದಕ್ಕೆ" ಎಂದು ಹೇಳಿ ಹೋಗುತ್ತಾಳೆ.

ಸುಗಂಧಿ ಎಂದರೆ ನಾನೇ. ಬಸ್ಸು ನಿಲ್ಲುವಲ್ಲಿ ನನ್ನದೊಂದು ಚಹಾ-ತಿಂಡಿ ಅಂಗಡಿ, ಅದರ ಹಿಂದೆಯೇ ಮನೆ. ಗಂಡ ತೀರಿಕೊಂಡು ವರ್ಷಗಳಾದವು. ಗಾಳಿಗಲ್ಲ, ಒಂದೆಲೆಯೂ ಅಲುಗದ ತಿಂಗಳಲ್ಲಿ ಸಾದಾ ಜ್ವರಕ್ಕೆ. ನಮ್ಮೂರಲ್ಲಿ ಗಾಳಿಗೆ ಯಾರೂ ಸಾಯುವುದಿಲ್ಲ. ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿದ ಕೂಡಲೇ ಎಲ್ಲರೂ ಗುಡ್ಡದ ಮೇಲಿನ ಶಾಲೆಗೆ ಹೋಗಿ ಕೂರುತ್ತೇವೆ. ಗಾಳಿ ಇಳಿದ ಮೇಲೆ ಕೆಳಗೆ ಬಂದು ಯಾರಿಗೆ ಏನು ಹೋಯಿತು, ಏನು ಬಂತು ಎಂದು ನೋಡಿಕೊಳ್ಳುತ್ತೇವೆ.

ಆ ವರ್ಷದ ಗಾಳಿ ಹಿಂದೆಂದೂ ಕಾಣದಂಥದ್ದು. ನಾನು ಇಳಿದು ಬಂದಾಗ ನನ್ನ ಮನೆಯ ಮಾಡಿನಲ್ಲಿ ಅರ್ಧ ಇರಲಿಲ್ಲ. ನನ್ನ ಹಿತ್ತಲಿಗೂ ಸಾಹುಕಾರ ವಾರಿಜಾಕ್ಷರ ಅಂಗಳಕ್ಕೂ ನಡುವೆ ಇದ್ದ ಕಲ್ಲಿನ ಗೋಡೆಯ ಬುಡದ ಕಲ್ಲುಗಳಷ್ಟೇ ಉಳಿದಿದ್ದವು. ಗೋಡೆ ಇದ್ದ ಜಾಗದಿಂದ ಈಚೆಗೆ, ನುಗ್ಗೆಮರದ ಕೆಳಗೆ, ಒಬ್ಬ ಗಂಡಸು ಅಂಗಾತ ಮಲಗಿದ್ದ.

ನಲವತ್ತರ ಆಸುಪಾಸು. ಕಿವಿಯ ಹಿಂದೆ ಕಡಲ ಪಾಚಿ, ಎದೆಯ ಮೇಲೆ ಒಂದು ಹೆಂಚಿನ ಚೂರು. ಮುಖದಲ್ಲಿ ಬಹಳ ದೂರದಿಂದ ಬಂದವನ ದಣಿವು. ಆದರೆ ಕಾಲಲ್ಲಿ ಎರಡೂ ಚಪ್ಪಲಿ ಇದ್ದವು. ಅಂಗಿ ಒಣಗಿತ್ತು. ಹತ್ತಿರ ಬಗ್ಗಿದರೆ ಬೀಡಿ ಮತ್ತು ಡೀಸೆಲ್ಲಿನ ವಾಸನೆ. ಗಾಳಿ ತಂದ ವಸ್ತುವಿಗೆ ಉಪ್ಪಿನ ವಾಸನೆ ಇರುತ್ತದೆ, ತಿಂಗಳಾದರೂ ಹೋಗುವುದಿಲ್ಲ. ಇವನು ಬೆಳಗಿನ ಬಸ್ಸಿನಲ್ಲಿ ಬಂದವನು ಎಂದು ನನಗೆ ಆಗಲೇ ತಿಳಿಯಿತು.

ಅವನು ಒಂದು ಕಣ್ಣು ತೆರೆದು, ನರಳುತ್ತಾ, "ಅಮ್ಮಾ... ಇದು ಯಾವ ಊರು? ಗಾಳಿ ನನ್ನನ್ನು ಎಲ್ಲಿಗೆ ತಂದು ಹಾಕಿತು? ಇದು ಸಾಹುಕಾರ್ರ ಅಂಗಳ ಅಲ್ವಾ?" ಎಂದ.

"ಯಾವ ಊರು ಅಂತ ಗೊತ್ತಿಲ್ಲ, ಸಾಹುಕಾರ್ರ ಅಂಗಳ ಗೊತ್ತುಂಟಾ?" ಎಂದೆ. "ಅವರದು ಆಚೆ. ನಿಮ್ಮ ಕಾಲಿನ ಹೆಬ್ಬೆರಳೂ ಅಲ್ಲಿಗೆ ಮುಟ್ಟಲಿಲ್ಲ."

ಅವನು ತಲೆಯೆತ್ತಿ ಮುರಿದ ಗೋಡೆ ನೋಡಿದ. ನನ್ನ ಅರ್ಧ ಮಾಡಿನ ಮನೆ ನೋಡಿದ. ಮತ್ತೆ ಕಣ್ಣುಮುಚ್ಚಿ, ಪ್ರಜ್ಞೆ ತಪ್ಪಿದವನ ಹಾಗೆ ಸಾಹುಕಾರರ ಅಂಗಳದ ಕಡೆಗೆ ಒಂದು ಸುತ್ತು ಉರುಳಿದ. ಇನ್ನೊಂದು ಸುತ್ತು ಉರುಳುವಷ್ಟರಲ್ಲಿ ಗುಲಾಬಿ ಕಂಡು ಬೊಬ್ಬೆ ಹಾಕಿಬಿಟ್ಟಳು. ಓಣಿಯ ಜನ ಎಲ್ಲ ಬಂದು ಸೇರಿದರು. ಮನುಷ್ಯರನ್ನು ಗಾಳಿ ತಂದು ಹಾಕಿದ್ದು ಊರಲ್ಲಿ ಇದೇ ಮೊದಲು. ಸಾಹುಕಾರರು ಬಂದು, ಬಿದ್ದವನನ್ನೂ ಗೋಡೆಯ ಬುಡದ ಕಲ್ಲುಗಳನ್ನೂ ಕಣ್ಣಲ್ಲೇ ಅಳೆದು, ಆ ಹೊಟ್ಟೆಗೆ ದಿನಕ್ಕೆ ಎಷ್ಟು ಅಕ್ಕಿ ಬೇಕಾದೀತು ಎಂಬುದನ್ನೂ ಅಂದಾಜು ಮಾಡಿದವರಂತೆ ಎರಡು ಹೆಜ್ಜೆ ಹಿಂದೆ ಸರಿದರು.

"ಸಂಶಯ ಇಲ್ಲ. ಇದು ಸುಗಂಧಿಗೆ ಬಂದದ್ದು. ಯೋಗ ಬೇಕು ಮಾರಾಯ್ತಿ ಇದಕ್ಕೆಲ್ಲ" ಎಂದರು.

ಹೀಗೆ ಅವನು ನನ್ನವನಾದ. ಹೆಸರು ದಿನಕರ ಎಂದ. ಹೆಸರೂ ನಿಜವೋ ಸುಳ್ಳೋ, ನಾನು ಕೆದಕಲಿಲ್ಲ. ಬೇರೊಂದು ಊರಿನಲ್ಲಿ ಪ್ರವಾಹದ ನಂತರ ಮುಳುಗದ ಬಾವಿ ಮಾರಿದ್ದನಂತೆ. ನಮ್ಮೂರ ಪದ್ಧತಿ ಯಾರಿಂದಲೋ ಕೇಳಿ, ಶ್ರೀಮಂತರ ಅಂಗಳದಲ್ಲಿ ಮಲಗಿ ಆ ಮನೆಯ ಮಗನಾಗುವುದೆಂದು ಬಂದಿದ್ದ. ಇದನ್ನೆಲ್ಲ ಅವನೇ ನಾಲ್ಕನೆಯ ದೋಸೆ ತಿನ್ನುತ್ತಾ ಹೇಳಿದ. ನಾನು ಅವನನ್ನು ರುಬ್ಬುವ ಕಲ್ಲಿನ ಮುಂದೆ ಕೂರಿಸಿದೆ.

"ಅಕ್ಕ, ನಾನು ಕೆಲಸಕ್ಕೆ ಅಂತ ಬಂದವನಲ್ಲ" ಎಂದ.

"ಈ ಕಲ್ಲೂ ಕೆಲಸಕ್ಕೆ ಅಂತ ಬಂದದ್ದಲ್ಲ. ಸುಮ್ಮನೆ ರುಬ್ಬು."

ಓಡಿಹೋಗಲು ಒಮ್ಮೆ ನೋಡಿದ. ಬಸ್ಸಿನ ಕಂಡಕ್ಟರು ಅವನನ್ನು ಕೆಳಗಿಳಿಸಿ, "ಸುಗಂಧಿಯಕ್ಕನ ಸಾಮಾನು ನಾನು ಸಾಗಿಸ್ಲಿಕ್ಕಿಲ್ಲಪ್ಪ, ನಾಳೆ ನನ್ನ ಮೇಲೆ ಬರ್ತದೆ" ಎಂದು ನನ್ನ ಅಂಗಡಿಗೆ ತಂದು ಬಿಟ್ಟು, ಒಂದು ಚಹಾ ಕುಡಿದು ಹೋದ.

ಆ ಹೊತ್ತಿಗೆ ಪರಿಹಾರದ ಜೀಪು ಬಂತು. ಮೇಲೆ ಎರಡು ಮೈಕು, ಹಿಂದಿನ ಸೀಟಿನಲ್ಲಿ ರಾಶಿ ಹೂವಿನ ಹಾರ. ಇಳಿದವರು ಬಿಳಿ ಅಂಗಿಯ, ತಂಪು ಕನ್ನಡಕದ ಒಬ್ಬ ಸಾಹೇಬರು. ಬಯಲುಸೀಮೆಯವರು. ಕಡಲನ್ನು ನೋಡಿ, "ಅಬ್ಬಾ, ಎಷ್ಟ್ ನೀರ್ರೀ! ಇದನ್ನ ಯಾರೂ ಹೊಲಕ್ಕ ಬಿಟ್ಟಿಲ್ಲಲ್ಲ" ಎಂದು ಮರುಗಿದರು. ಆಮೇಲೆ ಮೈಕು ಹಿಡಿದರು.

"ಮಹಾಜನರ, ನನ್ನ ಹೆಸರು ಹೊಸಮನಿ. ನಾ ಬಂದಿದ್ದೂ ಹೊಸಾ ಮನಿ ಕೊಡಾಕ. ಗಾಳಿಗೆ ಯಾರ ಮನ್ಯಾಗ ಸಾವು ಆಗೇತಿ, ಅವರಿಗೆ ಸರಕಾರದಿಂದ ಹೊಸಾ ಸಿಮೆಂಟ್ ಮನಿ. ಬರೇ ಗೋಡೆ ಬಿದ್ದವರಿಗೆ ಒಂದೊಂದು ತಾಡಪಾಲು. ಆದರ ಹೆಣದ ದರ್ಶನ ಆಗಬೇಕ್ರಿ. ಕಣ್ಣಿಲೆ ನೋಡದ ನಾ ಯಾರಿಗೂ ಮನಿ ಕೊಡೂದಿಲ್ಲ."

ಊರಲ್ಲಿ ಯಾರೂ ಸತ್ತಿರಲಿಲ್ಲ. ಇದು ನಮಗೆ ತುಂಬಲಾರದ ನಷ್ಟವೆಂದು ಆ ದಿನ ಎಲ್ಲರಿಗೂ ಅನಿಸಿತು. ಗಂಡಂದಿರು ಕೆಮ್ಮಿದರೆ ಹೆಂಡತಿಯರು ಆಸೆಯಿಂದ ತಿರುಗಿ ನೋಡಿದರು. ಗುಲಾಬಿಯ ಅತ್ತೆ, ಆ ಮನೆಯ ಅಜ್ಜಿ, ಹಾಸಿಗೆ ಹಿಡಿದು ವರ್ಷವಾಗಿತ್ತು. ಆ ಮಧ್ಯಾಹ್ನವೇ ಎದ್ದು ಕೂತು ಎರಡು ಸಲ ಗಂಜಿ ಕೇಳಿದಳು. "ಬೇಕಂತಲೇ ಮಾಡ್ತಾರೆ" ಎಂದು ಗುಲಾಬಿ ನನ್ನ ಹತ್ತಿರ ಅತ್ತುಕೊಂಡಳು.

ಸಂಜೆಗೆ ಸಾಹುಕಾರರು ನನ್ನ ಅಂಗಡಿಗೆ ಬಂದರು. ಅಲ್ಲಿಯವರೆಗೆ ಅವರು ನನ್ನ ಅಂಗಡಿಯ ಬೆಂಚಿನಲ್ಲಿ ಕೂತವರಲ್ಲ.

"ಸುಗಂಧಿಯಮ್ಮ, ನಿಮ್ಮ ಆ ಜನ ಉಂಟಲ್ಲ, ಅವನನ್ನು ನಾಳೆ ಬೆಳಗ್ಗೆ ಒಂದು ಹೊತ್ತಿಗೆ ಕೊಡ್ತೀರಾ? ಸಾಯ್ಲಿಕ್ಕೆ."

ದಿನಕರ ಕಲ್ಲು ತಿರುಗಿಸುವುದನ್ನು ನಿಲ್ಲಿಸಿದ. ಅವನ ಮುಖದಲ್ಲಿ, ಬಹಳ ಕಾಲದ ಮೇಲೆ ತವರಿನವರನ್ನು ಕಂಡ ಹುಡುಗಿಯ ಕಳೆ ಬಂತು. "ಯಾವ ನಮೂನೆ ಸಾವು ಬೇಕು ನಿಮಗೆ?" ಎಂದು ಅವನೇ ಕೇಳಿದ.

ಮರುದಿನ ಅವನು ಸಾಹುಕಾರರ ಅಣ್ಣನಾಗಿ ಸತ್ತ. ಸಾಹುಕಾರರಿಗೆ ಅಣ್ಣ ಎಂಬವರೇ ಇರಲಿಲ್ಲ, ಆದ್ದರಿಂದ ಜಗಳಕ್ಕೆ ಆಸ್ಪದವೂ ಇರಲಿಲ್ಲ. ಮೂಗಿಗೆ ಹತ್ತಿ, ಹಣೆಗೆ ಗಂಧ, ಕಾಡಿಗೆಯ ಮೀಸೆ. ಹೊಸಮನಿ ಸಾಹೇಬರು ಬಂದು, ಕನ್ನಡಕ ತೆಗೆದು, ಹೆಣದ ಪಾದ ಮುಟ್ಟಿ, ಮಗುವಿನ ಹಾಗೆ ಅತ್ತರು. "ಎಂಥಾ ಶಾಂತ ಮುಖರೀ. ಇಂಥಾವರ ಇರಬಾರದಿತ್ತೇನು" ಎಂದು ಜೀಪಿನಿಂದ ಹಾರ ತರಿಸಿ ಹಾಕಿದರು. ಹೊಸ ಮನೆ ಅಲ್ಲೇ ಮಂಜೂರಾಯಿತು. ಚಟ್ಟ ಹೊತ್ತವರು ಗಾಳಿಮರದ ತೋಪಿನ ತಿರುವಿನವರೆಗೆ ಹೋದರು. ಅಲ್ಲಿ ಹೆಣ ಎದ್ದು, ಮೈಕೈ ಮುರಿದು, ನಾನು ತಂದಿದ್ದ ಚಹಾ ಕುಡಿಯಿತು.

ಅಲ್ಲಿಂದ ದಿನಕ್ಕೊಂದು ಮನೆ. "ನಮ್ಮೂರ ಗಾಳಿಯ ಪೆಟ್ಟು ನಿಧಾನ ಸಾಹೇಬ್ರೆ, ಒಬ್ಬೊಬ್ಬರಿಗೇ ಏರ್ತದೆ" ಎಂದು ಸಾಹುಕಾರರು ವಿವರಿಸಿದರು. ದಿನಕರ ಒಂದು ಮನೆಯಲ್ಲಿ ಭಾವನಾದ, ಇನ್ನೊಂದರಲ್ಲಿ ದೊಡ್ಡಪ್ಪನಾದ. ಗುಲಾಬಿಯ ಮನೆಯಲ್ಲಿ ಕಾಡಿಗೆಯ ಮೀಸೆ ಒರೆಸಿ, ಅರಸಿನ ಬಳಿದು, ಸೆರಗು ಹೊದೆಸಿ ಅವನನ್ನು ಅಜ್ಜಿ ಮಾಡಿದರು. ನಿಜವಾದ ಅಜ್ಜಿಯನ್ನು ಅಟ್ಟಕ್ಕೆ ಹತ್ತಿಸಿದ್ದರು. ಸೊಸೆ ಎದೆ ಬಡಿದುಕೊಂಡು ಹೇಳಿದ ಒಳ್ಳೆಯ ಮಾತುಗಳನ್ನು ಮೇಲಿಂದ ಕೇಳಿ, "ಇಷ್ಟು ವರ್ಷ ಇದನ್ನೆಲ್ಲ ಎಲ್ಲಿ ಇಟ್ಟಿದ್ದಳು ಇವಳು?" ಎಂದು ಅಜ್ಜಿಯೂ ಅತ್ತಳಂತೆ. ಹೆಣಕ್ಕೆ ಮೆಲ್ಲಮೆಲ್ಲನೆ ಜಂಬ ಬಂತು. ಅಳು ಸರಿಯಿಲ್ಲದಿದ್ದರೆ ತೋಪಿನಲ್ಲಿ ಎದ್ದು ಕೂತು ಬೈಯುತ್ತಿದ್ದ. "ನೀವು ಹೀಗೆ ಕಾಟಾಚಾರಕ್ಕೆ ಅತ್ತರೆ ನಾನಾದರೂ ಎಷ್ಟು ಅಂತ ಸಾಯ್ಲಿ?"

ಹೊಸಮನಿ ಸಾಹೇಬರು ಒಮ್ಮೆ ಮಾತ್ರ, "ಈ ಊರಾಗ ಸತ್ತವರದೆಲ್ಲಾ ಮೂಗು ಒಂದ ನಮೂನಿ ಐತಲ್ಲ" ಎಂದರು. ನಾವು ಅಳುವಿನ ಸ್ವರ ಏರಿಸಿದೆವು. "ಒಂದ ಊರಿನವರಲ್ಲೇನು, ಹೋಲಿಕಿ ಇರತಾವ" ಎಂದು ಅವರೇ ಸಮಾಧಾನ ಮಾಡಿಕೊಂಡರು.

ಅವರು ಹೇಳಿದ ಒಂದು ಷರತ್ತಿತ್ತು. ಹೊಸ ಮನೆಗೆ ಹಳೆಯ ಮನೆಯ ಮರವನ್ನೇ ಸರಕಾರದ ಬಡಗಿಗಳು ಪಾಲಿಶು ಹೊಡೆದು ಕೂರಿಸುತ್ತಾರೆ. ಆದ್ದರಿಂದ ಮನೆ ಮಂಜೂರಾದವರು ಬಾಗಿಲು, ಕಿಟಕಿ, ಕೆತ್ತನೆಯ ಕಂಬ, ಹಿತ್ತಾಳೆಯ ಅಗಳಿ ಎಲ್ಲವನ್ನೂ ಬಿಚ್ಚಿ ಗುಡ್ಡದ ಶಾಲೆಯ ಅಂಗಳದಲ್ಲಿ ಒಪ್ಪವಾಗಿ ಪೇರಿಸಬೇಕು. ನಮ್ಮೂರ ಹಳೆಯ ಮನೆಗಳ ತೇಗದ ಬಾಗಿಲುಗಳಿಗೆ ಹತ್ತಾರು ಊರುಗಳಲ್ಲಿ ಹೆಸರು. ಜನ ಒಬ್ಬರನ್ನೊಬ್ಬರು ಮೀರಿಸಿ ಬಿಚ್ಚಿದರು. ಸಾಹುಕಾರರು ದೇವರ ಕೋಣೆಯ ಬಾಗಿಲನ್ನೂ ಬಿಡಲಿಲ್ಲ.

ನನ್ನ ಸರದಿಯನ್ನು ಕೊನೆಗೆ ಇಟ್ಟಿದ್ದರು. ಹೆಣ ನನ್ನದೇ ಆದ್ದರಿಂದ ನನಗೇನು ಅವಸರ ಎಂದು ಊರವರ ವಾದ. ದಿನಕರ ನನ್ನ ತಮ್ಮನಾಗಿ ಸಾಯುವುದೆಂದು ತೀರ್ಮಾನವಾಯಿತು. "ಅಕ್ಕ, ನಿಮಗೆ ಫಸ್ಟ್ ಕ್ಲಾಸಾಗಿ ಸತ್ತು ಕೊಡ್ತೇನೆ, ನೋಡಿ" ಎಂದು ಆ ಬೆಳಿಗ್ಗೆ ಅವನು ತಾನೇ ಗಂಧ ತೇಯ್ದುಕೊಂಡು ಮಲಗಿದ.

ಹೊಸಮನಿ ಸಾಹೇಬರು ಬಂದರು, ಅತ್ತರು, ಹಾರ ಹಾಕಿದರು. ಹೊರಡಲಿಲ್ಲ.

"ಅಕ್ಕಾರ, ನಿಮಗ ಗಂಡ ಇಲ್ಲ, ಮಕ್ಕಳಿಲ್ಲ. ಇದ್ದೊಬ್ಬ ತಮ್ಮನೂ ಹೋದ. ಈ ತಮ್ಮಗ ನಾನ ಬೆಂಕಿ ಇಡ್ತೀನಿ. ಇದು ಈ ಊರಿನ ಕಡೀ ಸಾವು, ಇಡೀ ಊರು ಬರಬೇಕು ಸುಡುಗಾಡಿಗೆ. ಯಾರು ಬರೂದಿಲ್ಲ ಅವರ ಮನಿ ಕ್ಯಾನ್ಸಲ್."

ಊರಿಗೆ ಊರೇ ಹೊರಟಿತು. ಸಾಹೇಬರು ಚಟ್ಟದ ಪಕ್ಕದಲ್ಲೇ ನಡೆದರು. ಗಾಳಿಮರದ ತೋಪಿನ ತಿರುವು ಬಂತು, ದಾಟಿತು. ಹೆಣದ ಹುಬ್ಬು ಒಮ್ಮೆ ಮೇಲೆದ್ದು ಇಳಿಯಿತು. ಕಡಲ ದಂಡೆಯಲ್ಲಿ ಕಟ್ಟಿಗೆ ಒಟ್ಟಿದರು. ದಿನಕರನನ್ನು ಅದರ ಮೇಲೆ ಮಲಗಿಸಿದರು. ಅವನ ಕಾಲಿನ ಹೆಬ್ಬೆರಳು ನಡುಗುತ್ತಿದ್ದುದು ನನಗೆ ಕಂಡಿತು. ಎಲ್ಲರಿಗೂ ಕಂಡಿರಬೇಕು, ಎಲ್ಲರೂ ಕಡಲನ್ನು ನೋಡುತ್ತಿದ್ದರು.

ನಾನು ಸಾಹುಕಾರರ ಪಕ್ಕಕ್ಕೆ ಹೋಗಿ, "ಎಂತ ಮಾಡುವುದು ಈಗ?" ಎಂದು ಪಿಸುಗುಟ್ಟಿದೆ.

"ಎಂತ ಮಾಡ್ಲಿಕ್ಕುಂಟು? ಅವ ಎದ್ದರೆ ಇಷ್ಟೂ ಮನೆ ಹೋಯ್ತು. ಇಡೀ ಊರಿಗೆ ಜೈಲು."

"ಸುಡ್ತಾರೆ ಅವನನ್ನು!"

"ಸುಗಂಧಿ, ಒಂದು ಮಾತು ಹೇಳ್ತೇನೆ. ಅವ ನಮ್ಮೂರವನಲ್ಲ." ಮತ್ತೆ ನನ್ನ ಕಿವಿಗೆ ಬಗ್ಗಿ, "ಸಾಹೇಬರ ಹತ್ತಿರ ಹೇಳಿ ನಿನಗೆ ಎರಡು ಕೋಣೆ ಹೆಚ್ಚು ಹಾಕಿಸುವ" ಎಂದರು.

ಗುಲಾಬಿಯ ಕಡೆ ನೋಡಿದೆ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು, ಇಷ್ಟು ದಿನದಲ್ಲಿ ಮೊದಲ ಸಲ ಸರಿಯಾಗಿ. ಆದರೆ ಬಾಯಿ ಬಿಡಲಿಲ್ಲ. ಹೊಸಮನಿ ಸಾಹೇಬರು ಕೊಳ್ಳಿ ಹಿಡಿದು ಒಂದು ಸುತ್ತು ಬಂದರು, ಎರಡನೆಯ ಸುತ್ತು ಬಂದರು. ನಡುನಡುವೆ ಗುಡ್ಡದ ರಸ್ತೆಯ ಕಡೆಗೆ ನೋಡುತ್ತಿದ್ದರು. ನನಗೆ ಮಾಡಿಲ್ಲದ ಅರ್ಧ ಮನೆ ಕಣ್ಣ ಮುಂದೆ ಬಂತು, ಸಿಮೆಂಟಿನ ಹೊಸ ಮನೆಯೂ ಬಂತು. ಅದರ ಜಗಲಿಯಲ್ಲಿ ಕೂತು ನಾನು ಚಹಾ ಕುಡಿಯುವುದನ್ನು ಊಹಿಸಿಕೊಳ್ಳಲು ನೋಡಿದೆ. ಗಂಟಲಲ್ಲಿ ಇಳಿಯಲಿಲ್ಲ.

"ನಿಲ್ಲಿಸಿ!" ಎಂದು ಕೂಗಿದೆ. "ಅವ ಸತ್ತಿಲ್ಲ. ಅವ ನನ್ನವ, ನನ್ನ ಅಂಗಳಕ್ಕೆ ಬಂದವ. ನನ್ನನ್ನು ಕೇಳದೆ ಸುಡ್ಲಿಕ್ಕೆ ನೀವು ಯಾರು?"

"ದುಃಖಕ್ಕೆ ತಲೆ ಕೆಟ್ಟಿದೆ ಪಾಪ, ನೀವು ಮುಂದುವರಿಸಿ" ಎಂದರು ಸಾಹುಕಾರರು.

ಅಷ್ಟರಲ್ಲಿ ಹೆಣವೇ ಎದ್ದು ಕೂತಿತು. ಮೂಗಿನ ಹತ್ತಿ ಕಿತ್ತೆಸೆದು, ಕಟ್ಟಿಗೆಯ ಮೇಲಿಂದ ಜಾರಿ, ಬಂದು ನನ್ನ ಹಿಂದೆ ನಿಂತು ನನ್ನ ರಟ್ಟೆ ಹಿಡಿದುಕೊಂಡಿತು. ಜನ ಸಾಹೇಬರ ಮುಖ ನೋಡಿದರು. ಸಾಹೇಬರು ಗುಡ್ಡದ ರಸ್ತೆ ನೋಡಿದರು. ಅಲ್ಲಿ ದೂರದಲ್ಲಿ ಕೆಂಪು ಧೂಳು ಎದ್ದು, ಆಚೆಯ ಇಳಿಜಾರಿನಲ್ಲಿ ಇಳಿಯುತ್ತಿತ್ತು. ಅವರು ಕೊಳ್ಳಿಯನ್ನು ಮರಳಿಗೆ ಚುಚ್ಚಿ ಆರಿಸಿ, ಕೈ ಝಾಡಿಸಿಕೊಂಡರು.

"ಬದುಕ್ಯಾನ? ಭಾಳ ಛಲೋ ಆತು. ದೇವರು ದೊಡ್ಡಾಂವ" ಎಂದರು. ದಿನಕರನ ಬೆನ್ನು ತಟ್ಟಿ, "ಮೂಗು ಒಂದು ಬಿಟ್ಟರ ನಿಂದು ಭಾರೀ ಕೆಲಸ ತಮ್ಮಾ" ಎಂದು ಹೇಳಿ, ಜೀಪು ಹತ್ತಿ ಹೋದರು.

ಗುಡ್ಡದ ಶಾಲೆಯ ಅಂಗಳಕ್ಕೆ ನಾವು ಓಡಿ ತಲುಪಿದಾಗ ಅಲ್ಲಿ ಲಾರಿಗಳ ಚಕ್ರದ ಗುರುತು ಮತ್ತು ಬಾಗಿಲಿನ ಒಂದು ಮುರಿದ ತಿರುಗಣಿ ಬಿಟ್ಟರೆ ಏನೂ ಇರಲಿಲ್ಲ. ಸಾಹುಕಾರರು ನೆಲದ ಮೇಲೆ ಕುಕ್ಕರಿಸಿದರು. ದಿನಕರನೂ ಕೂತು ಅತ್ತ. ಅವನ ಅಳುವಿನ ಕಾರಣ ಬೇರೆ. "ಇಷ್ಟು ದಿನ ಕಣ್ಣು ಮುಚ್ಚಿ ಮಲಗಿದ್ದೆನಲ್ಲ ಅಕ್ಕ. ಒಂದು ಸಲ ಕಣ್ಣು ಬಿಟ್ಟು ಆ ಸಾಹೇಬನ ಮುಖ ನೋಡಿದ್ದರೆ ಸಾಕಿತ್ತು, ನಮ್ಮ ಕಸುಬಿನವನು ಅಂತ ಗೊತ್ತಾಗ್ತಿತ್ತು" ಎಂದ.

ದೂರು ಕೊಡುವುದು ಹೇಗೆ? ಕೊಟ್ಟರೆ ಸತ್ತವರು ಎಲ್ಲಿ ಎಂದು ಕೇಳುತ್ತಾರೆ. ಊರು ಬಾಯಿ ಹೊಲಿದುಕೊಂಡಿತು. ಬಾಗಿಲಿದ್ದಲ್ಲಿ ಚಾಪೆ ತೂಗುಬಿಟ್ಟರು, ಹಳೆಯ ಸೀರೆ ಕಟ್ಟಿದರು. ತಟ್ಟಲು ಬಾಗಿಲಿಲ್ಲದ ಕಾರಣ ಕೆಮ್ಮಿ ಒಳಗೆ ಹೋಗುವುದು ರೂಢಿಯಾಯಿತು, ಎಲ್ಲರ ಕೆಮ್ಮೂ ಎಲ್ಲರಿಗೂ ಪರಿಚಯವಾಯಿತು. ಸಾಹುಕಾರರ ದೇವರ ಕೋಣೆಗೆ ನಾಯಿ ಹೊಕ್ಕು ನೈವೇದ್ಯ ತಿಂದಿತು. ಪರವೂರಿನ ನೆಂಟರು ಸಾವಿನ ಸುದ್ದಿ ಕೇಳಿ ಬಂದರು, ಅವರ ಮುಂದೆ ಉತ್ತರಕ್ರಿಯೆಗಳನ್ನೂ ಮಾಡಬೇಕಾಯಿತು. ದಿನಕರ ಒಂದು ಊಟವನ್ನೂ ಬಿಡಲಿಲ್ಲ. ತಾನು ಸತ್ತ ಮನೆಯಲ್ಲಿ ಮೊದಲ ಪಂಕ್ತಿಗೇ ಕೂತು, ಬಡಿಸುವವರ ಕಣ್ಣನ್ನೇ ನೋಡುತ್ತಾ, ಎರಡೆರಡು ಸಲ ಪಾಯಸ ಹಾಕಿಸಿಕೊಂಡ. ಅವರು ಯಾರೂ ಅವನ ಕಡೆ ನೋಡಲಿಲ್ಲ.

ಊರವರ ಮೇಲೆ ಅವನಿಗಿದ್ದ ಸಿಟ್ಟು ಪಾಯಸಕ್ಕೆ ಇಳಿಯುವಂಥದ್ದಲ್ಲ ಎಂದು ನನಗೆ ಗೊತ್ತಿತ್ತು. ರುಬ್ಬುತ್ತಾ ರುಬ್ಬುತ್ತಾ ಥಟ್ಟನೆ ನಿಲ್ಲಿಸಿ, "ಒಬ್ಬರೂ ಬಾಯಿ ಬಿಡಲಿಲ್ಲ ಅಲ್ವಾ ಅಕ್ಕ" ಎನ್ನುತ್ತಿದ್ದ. ಮತ್ತೆ ರುಬ್ಬುತ್ತಿದ್ದ.

ಬೇಸಗೆಯಲ್ಲಿ ಒಬ್ಬ ಇನ್‌ಸ್ಪೆಕ್ಟರು ಬಂದರು. ಹೊಸಮನಿ ಎಂಬ ಹೆಸರಿನಲ್ಲಿ ಒಬ್ಬ ಕಡಲ ದಂಡೆಯ ಎಷ್ಟೋ ಊರುಗಳಿಗೆ ಟೋಪಿ ಹಾಕಿದ್ದಾನೆ, ನಿಮ್ಮೂರಿಗೂ ಬಂದಿದ್ದನೇ ಎಂದು ನನ್ನ ಅಂಗಡಿಯ ಮುಂದೆ ಊರವರನ್ನು ಸೇರಿಸಿ ಕೇಳಿದರು. ಯಾರೂ ಬರಲಿಲ್ಲ ಎಂದರು ಸಾಹುಕಾರರು. ಬಾಗಿಲುಗಳು ಎಲ್ಲಿ ಎಂದರೆ, ಸೆಕೆಗೆ ತೆಗೆದಿಟ್ಟಿದ್ದೇವೆ ಎಂದರು.

ಆಗ ದಿನಕರ ಕೈ ತೊಳೆದುಕೊಂಡು ಮುಂದೆ ಬಂದ. "ಸ್ವಾಮಿ, ನಾನು ಹೇಳ್ತೇನೆ" ಎಂದು ಎಲ್ಲವನ್ನೂ ಹೇಳಿದ. ಬೆಳಗಿನ ಬಸ್ಸಿನಲ್ಲಿ ಬಂದದ್ದು, ಕಿವಿಗೆ ಪಾಚಿ ಸಿಕ್ಕಿಸಿಕೊಂಡದ್ದು, ಅಣ್ಣನಾಗಿ ಭಾವನಾಗಿ ಅಜ್ಜಿಯಾಗಿ ಸತ್ತದ್ದು, ಕಟ್ಟಿಗೆಯ ಮೇಲೆ ಮಲಗಿ ಒಂದು ಊರಿನ ಮೌನವನ್ನು ಕೇಳಿದ್ದು. ಒಂದು ಮಾತನ್ನೂ ಸೇರಿಸಲಿಲ್ಲ, ಬಿಡಲಿಲ್ಲ. ಹೇಳುವಾಗ ಅವನ ಸ್ವರ ನಡುಗುತ್ತಿತ್ತು. ಸುಳ್ಳು ಹೇಳುವಾಗ ಅವನ ಸ್ವರ ನಡುಗಿದ್ದನ್ನು ನಾನು ಕೇಳಿಲ್ಲ.

ಇನ್‌ಸ್ಪೆಕ್ಟರು ಮೊದಲು ಗಂಭೀರವಾಗಿ ಕೇಳಿದರು. ಅಜ್ಜಿಯಾದ ಸಂಗತಿ ಬರುವಷ್ಟರಲ್ಲಿ ತುಟಿ ಕಚ್ಚಿಕೊಂಡರು. ಚಿತೆಯಿಂದ ಎದ್ದ ಸಂಗತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಸಾಹುಕಾರರು ಅವರ ಕಿವಿಯಲ್ಲಿ, "ಗಾಳಿಯ ದಿನದಿಂದ ಹೀಗೇ. ಪಾಪ, ಉಪದ್ರ ಏನಿಲ್ಲ" ಎಂದರು. ಊರವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು.

"ಅವ ಹೇಳಿದ್ದೆಲ್ಲ ನಿಜ" ಎಂದೆ ನಾನು.

ಇನ್‌ಸ್ಪೆಕ್ಟರು ನನ್ನನ್ನು ನೋಡಿದರು, ನನ್ನ ಮನೆಯನ್ನು ನೋಡಿದರು. "ನಿಮ್ಮ ಬಾಗಿಲು ಇಲ್ಲೇ ಉಂಟಲ್ಲಮ್ಮ? ಮತ್ತೆ ನಿಮ್ಮದೆಂತ ದೂರು?" ಎಂದು ಕೇಳಿ, ಸಾಹುಕಾರರ ಕಡೆ ತಿರುಗಿ ಮೆಲ್ಲಗೆ, "ಇವರಿಗೂ ಉಂಟಾ?" ಎಂದರು. ಸಾಹುಕಾರರು ದೊಡ್ಡ ಮನಸ್ಸಿನಿಂದ ನಿಟ್ಟುಸಿರುಬಿಟ್ಟರು. ಜೀಪು ಹತ್ತುವ ಮುಂಚೆ ಇನ್‌ಸ್ಪೆಕ್ಟರು ದಿನಕರನ ಹೆಗಲ ಮೇಲೆ ಕೈಯಿಟ್ಟು, "ಬಿಸಿಲಲ್ಲಿ ತಿರುಗಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು, ಸರಿಹೋಗ್ತದೆ" ಎಂದರು.

ಜನ ಚದುರಿದರು. ದಿನಕರ ಬೆಂಚಿನ ಮೇಲೆ ಕೂತ. ನಾನು ಚಹಾ ಮಾಡಿ ಮುಂದೆ ಇಟ್ಟೆ. ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ, ಕುಡಿಯಲಿಲ್ಲ.

"ಅಕ್ಕ, ಎಷ್ಟೋ ಊರು ತಿರುಗಿದ್ದೇನೆ. ಮುಳುಗದ ಬಾವಿ ಮಾರಿದ್ದೇನೆ, ಅದನ್ನೂ ನಂಬಿದ್ದರು" ಎಂದ. "ಇಷ್ಟು ಅವಮಾನ ನನಗೆ ಯಾವತ್ತೂ ಆಗಿರ್ಲಿಲ್ಲ."

"ಚಹಾ ಆರ್ತದೆ, ಕುಡಿ" ಎಂದೆ.